ಜಿನ್‌ಗೆ ಯಾವ ಎಚ್‌ಎಸ್ ಕೋಡ್? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಒಂದೇ ಕನ್‌ಸೈನ್‌ಮೆಂಟಿನಲ್ಲಿ ಲಂಡನ್ ಡ್ರೈ ಜಿನ್, ಪಿಂಕ್ ಜಿನ್, ಸ್ಲೋ ಜಿನ್ ಮತ್ತು ಕ್ಯಾನ್‌ನಲ್ಲಿ ಬರುವ ಜಿನ್-ಟಾನಿಕ್ ತರಿಸುತ್ತಿದ್ದೇವೆ. ನಾಲ್ಕರ ಮೇಲೂ ಜಿನ್ ಎಂದೇ ಬರೆದಿದೆ. ಎಲ್ಲಕ್ಕೂ ಜಿನ್‌ನ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) 2208.50 ಹಾಕಬಹುದೇ?

ಬೇಡ. ಹಾಗೆ ಮಾಡಿದರೆ ನಾಲ್ಕರಲ್ಲಿ ಕನಿಷ್ಠ ಎರಡು ತಪ್ಪು ಜಾಗದಲ್ಲಿ ಕೂರುತ್ತವೆ. ಬಾಟಲಿಯೊಳಗೆ ಏನಿದೆ, ಅದನ್ನು ಹೇಗೆ ತಯಾರಿಸಲಾಗಿದೆ ಎಂಬುದರ ಮೇಲೆ ಕೋಡ್ ನಿರ್ಧಾರವಾಗುತ್ತದೆ. ಲೇಬಲ್ಲಿನ ಹೆಸರು ಒಂದು ಸುಳಿವು ಅಷ್ಟೆ.

ಬಟ್ಟಿ ಇಳಿಸಿದ ಪಾನೀಯಗಳ ಶೀರ್ಷಿಕೆ (ಕೋಡಿನ ಮೊದಲ ನಾಲ್ಕು ಅಂಕಿ) 2208. ಅದರಡಿ ದ್ರಾಕ್ಷಿ ವೈನಿನಿಂದ ಇಳಿಸಿದ ಬ್ರಾಂಡಿಗೆ 2208.20, ವಿಸ್ಕಿಗೆ 30, ರಮ್‌ಗೆ 40, ಜಿನ್ ಮತ್ತು ಜೆನೀವಾಕ್ಕೆ (ಜಿನ್‌ನಂಥ ಡಚ್ ಮದ್ಯ) 50, ವೋಡ್ಕಾಕ್ಕೆ 60, ಲಿಕ್ಯೂರ್‌ಗೆ (ಸಿಹಿ ಸೇರಿಸಿದ ಮದ್ಯ) 70. ಟಕೀಲಾದಂಥ ಉಳಿದವೆಲ್ಲ 90ಕ್ಕೆ ಹೋಗುತ್ತವೆ. ಎಚ್‌ಎಸ್ ಪಾಲಿಸುವ ಎಲ್ಲ ದೇಶಗಳಲ್ಲೂ ಈ ಆರು ಅಂಕಿ ಒಂದೇ. ಅದರ ಮುಂದಿನ ಅಂಕಿಗಳು ಆಯಾ ದೇಶದ್ದು. ಉದಾಹರಣೆಗೆ ಯುರೋಪಿಯನ್ ಒಕ್ಕೂಟದಲ್ಲಿ 2 ಲೀಟರ್ ಅಥವಾ ಅದಕ್ಕಿಂತ ಚಿಕ್ಕ ಬಾಟಲಿಗೆ ಒಂದು ಕೋಡ್, ದೊಡ್ಡದಕ್ಕೆ ಇನ್ನೊಂದು. ಆದ್ದರಿಂದ ರಫ್ತುದಾರ ಬರೆದ ಎಂಟಂಕಿಯ ಕೋಡನ್ನು ಆಮದುದಾರ ಹಾಗೇ ನಕಲು ಮಾಡಬಾರದು.

ನಿಮ್ಮ ಡ್ರೈ ಜಿನ್ 2208.50, ಅದರಲ್ಲಿ ತಕರಾರಿಲ್ಲ. ಜುನಿಪರ್ ಕಾಯಿಯ ಸುವಾಸನೆಯೇ ಅದನ್ನು ಅಲ್ಲಿಗೆ ಸೇರಿಸುತ್ತದೆ. ಅದೇ ರೀತಿ ಗಿಡಮೂಲಿಕೆ ಹಾಕಿ ಇಳಿಸಿದರೂ ಶಾಜೀರಿಗೆ ಅಥವಾ ಸಬ್ಬಸಿಗೆ ಬೀಜದ ರುಚಿ ಮುಂದಾಗಿರುವ ಆಕ್ವವೀಟ್ 2208.90ಕ್ಕೆ ಹೋಗುತ್ತದೆ.

ಪಿಂಕ್ ಜಿನ್‌ನಲ್ಲಿ ಬಣ್ಣವನ್ನು ಮರೆತುಬಿಡಿ. ಲೀಟರಿಗೆ ಎಷ್ಟು ಗ್ರಾಂ ಸಕ್ಕರೆ ಇದೆ, ಜುನಿಪರ್ ಇನ್ನೂ ಪ್ರಧಾನ ರುಚಿಯಾಗಿ ಉಳಿದಿದೆಯೇ ಎಂದು ತಯಾರಕರನ್ನು ಕೇಳಿ. ಲಿಕ್ಯೂರ್ ಎನ್ನಲು ಎಷ್ಟು ಸಕ್ಕರೆ ಇರಬೇಕೆಂದು ಎಚ್‌ಎಸ್ ಶೀರ್ಷಿಕೆಯಲ್ಲಿ ಅಂಕಿಯಿಲ್ಲ. ಯುರೋಪಿನ ಸ್ಪಿರಿಟ್ ನಿಯಮದಲ್ಲಿ ಮಾತ್ರ ಕೆಲವು ವಿನಾಯಿತಿ ಬಿಟ್ಟು ಲೀಟರಿಗೆ ಕನಿಷ್ಠ 100 ಗ್ರಾಂ ಎಂದಿದೆ. ಹೋಲಿಕೆಗೆ, ಲಂಡನ್ ಜಿನ್‌ಗೆ ಅದೇ ನಿಯಮ ಬಿಡುವುದು 0.1 ಗ್ರಾಂ. ಈ ಎರಡರ ನಡುವೆ ಬೀಳುವ ಬಾಟಲಿಗಳಲ್ಲೇ ಅಧಿಕಾರಿಗಳ ಅಭಿಪ್ರಾಯ ಬೇರೆ ಬೇರೆಯಾಗುವುದು. ಅಂಥದ್ದಕ್ಕೆ ಸರಕು ಹೊರಡುವ ಮುನ್ನವೇ ಕಸ್ಟಮ್ಸ್‌ನಿಂದ ಮುಂಗಡ ನಿರ್ಣಯ, ಅಂದರೆ ಯಾವ ಕೋಡ್ ಎಂಬ ಲಿಖಿತ ತೀರ್ಮಾನ, ಪಡೆಯಿರಿ.

ಸ್ಲೋ ಜಿನ್ ಎಂದರೆ ಸ್ಲೋ ಎಂಬ ಪ್ಲಮ್ ಜಾತಿಯ ಕಾಡುಹಣ್ಣನ್ನು ಜಿನ್‌ನಲ್ಲಿ ನೆನೆಹಾಕಿ ಸಕ್ಕರೆ ಸೇರಿಸಿದ್ದು. ಹೆಸರು ಏನೇ ಇರಲಿ, ಅದು ಲಿಕ್ಯೂರ್, 2208.70.

ಕ್ಯಾನ್‌ಗಳ ವಿಷಯದಲ್ಲಿ ಮೊದಲ ಪ್ರಶ್ನೆ ಮದ್ಯಸಾರ ಎಲ್ಲಿಂದ ಬಂತು ಎಂಬುದು. ನಿಜವಾದ ಜಿನ್‌ಗೆ ಟಾನಿಕ್ ಬೆರೆಸಿದ್ದರೆ ಅದು 2208ರಲ್ಲೇ ಉಳಿಯುತ್ತದೆ, ಸಾಮಾನ್ಯವಾಗಿ 2208.90ರಲ್ಲಿ. ಹುದುಗಿಸಿದ ಮಾಲ್ಟ್ ಅಥವಾ ಹಣ್ಣಿನ ರಸಕ್ಕೆ ಜಿನ್ ರುಚಿ ಕೊಟ್ಟಿದ್ದರೆ ಶೀರ್ಷಿಕೆ 2206 ಆಗಬಹುದು. ಎರಡೂ ಬೆರೆತಿದ್ದರೆ ಇನ್ನೂ ಎಚ್ಚರ ಬೇಕು. 2009ರ ಸೀಬ್ರಾಂಡ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಇದನ್ನೇ ನಿರ್ಣಯಿಸಿತು: ಹುದುಗಿಸಿದ ಪಾನೀಯಕ್ಕೆ ಬಟ್ಟಿ ಇಳಿಸಿದ ಮದ್ಯಸಾರ, ಸಕ್ಕರೆ, ಸುವಾಸನೆ ಸೇರಿಸಿ ಮೂಲದ ರುಚಿ, ವಾಸನೆ, ರೂಪ ಕಳೆದುಹೋಗಿದ್ದರೆ ಅದು 2208ಕ್ಕೆ ಸೇರುತ್ತದೆ. ಮದ್ಯಸಾರದ ಶೇಕಡಾವಾರು ಮಾತ್ರ ನೋಡಿ 2206 ಬರೆಯುವುದು ಬಹಳ ಸಾಮಾನ್ಯವಾದ ತಪ್ಪು, ದುಬಾರಿ ತಪ್ಪೂ ಹೌದು.

ಪ್ರಶ್ನೆ: ಟ್ಯಾಂಕರಿನಲ್ಲಿ ಶೇ 82ರ ಜಿನ್ ಸಾಂದ್ರವನ್ನು ತರಿಸಿ ಇಲ್ಲಿ ನೀರು ಬೆರೆಸಿ ಬಾಟಲಿಗೆ ತುಂಬುತ್ತೇವೆ. ಶೇ 80 ದಾಟಿದ್ದರಿಂದ 2207 ಅಲ್ಲವೇ?

ಅಲ್ಲ. ಶೇ 80ರ ಗೆರೆ ಇರುವುದು ಸುವಾಸನೆಯಿಲ್ಲದ ಶುದ್ಧ ಈಥೈಲ್ ಆಲ್ಕೋಹಾಲಿಗೆ. ಶೇ 96ರ ನ್ಯೂಟ್ರಲ್ ಸ್ಪಿರಿಟ್ 2207.10. ಅದನ್ನೇ ಶೇ 60ಕ್ಕೆ ಇಳಿಸಿ ತಂದರೆ 2208.90. ಜುನಿಪರ್ ಜೊತೆ ಬಟ್ಟಿ ಇಳಿಸಿದ ಜಿನ್‌ಗೆ ಈ ಗೆರೆ ಅನ್ವಯಿಸುವುದಿಲ್ಲ, ಎಷ್ಟೇ ತೀವ್ರವಾಗಿದ್ದರೂ ಅದು 2208ರ ಸ್ಪಿರಿಟ್ ಪಾನೀಯವೇ. ಇನ್‌ವಾಯ್ಸಿನಲ್ಲಿ ಬರೀ ‘ಆಲ್ಕೋಹಾಲ್, ಶೇ 82’ ಎಂದಿದ್ದರೆ ಅಧಿಕಾರಿ 2207 ಎಂದೇ ಓದುತ್ತಾರೆ, ಆದ್ದರಿಂದ ‘ಜುನಿಪರ್ ಜೊತೆ ಬಟ್ಟಿ ಇಳಿಸಿದ ಜಿನ್’ ಎಂದು ಸ್ಪಷ್ಟವಾಗಿ ಬರೆಸಿ. ಕುಡಿಯುವುದಕ್ಕಲ್ಲದೆ ಪಾನೀಯ ತಯಾರಿಕೆಗೆ ಮಾತ್ರ ಬಳಸುವ ಸುವಾಸನೆಯ ಮಿಶ್ರಣವಾದರೆ 3302.10 ಅನ್ನೂ ಪರಿಶೀಲಿಸಬೇಕು.

ಪ್ರಶ್ನೆ: ಲೇಬಲ್ಲಿನಲ್ಲಿ ಶೇ 40. ನಮ್ಮ ಗೋದಾಮಿನ ಹೈಡ್ರೋಮೀಟರ್ ಒಂದು ಬಾಟಲಿಗೆ 44, ಇನ್ನೊಂದಕ್ಕೆ 36 ತೋರಿಸಿತು. ಯಾವುದನ್ನು ಘೋಷಿಸಬೇಕು?

ಎರಡನ್ನೂ ಘೋಷಿಸಬೇಡಿ. ಎಚ್‌ಎಸ್ 22ನೇ ಅಧ್ಯಾಯದ ಟಿಪ್ಪಣಿಯಂತೆ ಮದ್ಯಸಾರದ ಪ್ರಮಾಣವನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೆಕ್ಕ ಹಾಕಬೇಕು. ಬಿಸಿಯಾದ ದ್ರವದ ಸಾಂದ್ರತೆ ಇಳಿಯುವುದರಿಂದ ಮಾಪಕ ಹೆಚ್ಚು ತೋರಿಸುತ್ತದೆ. ಶೇ 40ರ ಆಸುಪಾಸಿನಲ್ಲಿ 10 ಡಿಗ್ರಿ ಏರಿದರೆ ಸುಮಾರು 4 ಅಂಶ ಹೆಚ್ಚು ಬರುತ್ತದೆ, ಮೊದಲ ಬಾಟಲಿ 30 ಡಿಗ್ರಿಯಲ್ಲಿತ್ತು ಎಂದರೆ 44ಕ್ಕೆ ಕಾರಣ ಅಷ್ಟೇ. ಎರಡನೆಯದು ಸಿಹಿ ಜಿನ್ ಇರಬೇಕು. ಸಕ್ಕರೆ ಸಾಂದ್ರತೆ ಏರಿಸಿ ಮದ್ಯಸಾರವನ್ನು ಮರೆಮಾಡುತ್ತದೆ. ಅಂಥ ಮಾದರಿಯನ್ನು ಮೊದಲು ಬಟ್ಟಿ ಇಳಿಸಿ, ಇಳಿದುಬಂದ ದ್ರವವನ್ನು ನೀರಿನಿಂದ ಮೂಲ ಪರಿಮಾಣಕ್ಕೆ ತಂದು, ಆಮೇಲೆ ಸಾಂದ್ರತೆ ಅಳೆಯಬೇಕು.

ಈ ಅಂಕಿ ನೇರವಾಗಿ ಹಣಕ್ಕೆ ತಾಗುತ್ತದೆ, ಏಕೆಂದರೆ ಹಲವು ದೇಶಗಳಲ್ಲಿ ಸುಂಕ ಶುದ್ಧ ಮದ್ಯಸಾರದ ಲೀಟರಿನ ಮೇಲೆ. 700 ಮಿ.ಲೀ.ನ 6 ಬಾಟಲಿಯ 100 ಪೆಟ್ಟಿಗೆ ಎಂದರೆ 420 ಲೀಟರ್. ಶೇ 37.5 ಆದರೆ ಶುದ್ಧ ಮದ್ಯಸಾರ 157.5 ಲೀಟರ್, ಶೇ 40 ಆದರೆ 168. ಅಮೆರಿಕದ ದಾಖಲೆಯಲ್ಲಿ ‘80 ಪ್ರೂಫ್’ ಎಂದಿದ್ದರೆ ಅದು ಶೇ 40. ಪ್ರೂಫ್ ಅಂಕಿಯನ್ನೇ ಶೇಕಡಾವಾರು ಎಂದು ತುಂಬಿದರೆ ಸುಂಕ ಇಮ್ಮಡಿಯಾಗುತ್ತದೆ.

ಪ್ರಶ್ನೆ: ‘ಆಲ್ಕೋಹಾಲ್ ಇಲ್ಲದ ಜಿನ್’ ಕೂಡ 2208.50 ತಾನೇ?

ಶೇ 0.5 ಮೀರದಿದ್ದರೆ ಅದು ಮದ್ಯವೇ ಅಲ್ಲ, ಶೀರ್ಷಿಕೆ 2202. ಸುವಾಸನೆ ಬೆರೆತ ನೀರಾದರೆ 2202.10, ಉಳಿದ ಸಂಯೋಜನೆಯಾದರೆ 2202.99. ಲ್ಯಾಬ್ ವರದಿ ಜೊತೆಗಿರಲಿ.

ಪ್ರಶ್ನೆ: ಒಂದು ಜಿನ್ ಬಾಟಲಿ ಮತ್ತು ಎರಡು ಗಾಜಿನ ಲೋಟ ಇರುವ ಗಿಫ್ಟ್ ಪ್ಯಾಕ್‌ಗೆ ಎರಡು ಕೋಡ್ ಬೇಕೇ?

ಚಿಲ್ಲರೆ ಮಾರಾಟಕ್ಕೆ ಒಟ್ಟಿಗೇ ಜೋಡಿಸಿದ, ಒಂದೇ ಬಳಕೆಗೆ ಒದಗುವ ಸೆಟ್ ಆದರೆ ಎಚ್‌ಎಸ್‌ನ ಸಾಮಾನ್ಯ ನಿಯಮ 3(ಬಿ) ಪ್ರಕಾರ ಪ್ರಧಾನ ವಸ್ತುವಿನ ಕೋಡ್ ಸಾಕು. ಇಲ್ಲಿ ಅದು ಜಿನ್. ಲೋಟಗಳು ಬೇರೆ ಪೆಟ್ಟಿಗೆಯಲ್ಲಿ ಬಂದು ಅಂಗಡಿಯಲ್ಲಿ ಜೋಡಿಸುವುದಾದರೆ ಅವನ್ನು 7013ರಲ್ಲಿ ಪ್ರತ್ಯೇಕವಾಗಿ ಘೋಷಿಸಿ. ಬೆಳ್ಳಿ ಬಟ್ಟಲಿನಂಥ ಬೆಲೆಬಾಳುವ ವಸ್ತು ಸೇರಿದ್ದರೆ ಪ್ರಧಾನ ವಸ್ತು ಯಾವುದೆಂಬುದೇ ಬದಲಾಗಬಹುದು.

ಪ್ರಶ್ನೆ: ಮುಂಗಡ ನಿರ್ಣಯಕ್ಕೆ ಅರ್ಜಿ ಹಾಕುವಾಗ ಏನೇನು ಕೊಡಬೇಕು?

ಮದ್ಯಸಾರದ ಮೂಲ (ಧಾನ್ಯ, ಕಬ್ಬು ಅಥವಾ ದ್ರಾಕ್ಷಿ), ತಯಾರಿಕೆಯ ಹಂತಗಳು, ಜುನಿಪರ್ ಸೇರಿಸಿದ ಹಂತ, ಬಟ್ಟಿ ಇಳಿಸಿದ ಮೇಲೆ ಸೇರಿಸಿದ ಪದಾರ್ಥಗಳು, ಲೀಟರಿಗೆ ಸಕ್ಕರೆ, 20 ಡಿಗ್ರಿಯಲ್ಲಿ ಮದ್ಯಸಾರ, ಬಾಟಲಿಯ ಗಾತ್ರ, ಲೇಬಲ್ಲಿನ ಪ್ರತಿ, ಸಾಧ್ಯವಾದರೆ ಮಾದರಿ ಬಾಟಲಿ. ಅರ್ಜಿ ಹಿಂದಿರುಗುವುದು ಹೆಚ್ಚಾಗಿ ತಯಾರಿಕೆಯ ಹಂತಗಳನ್ನು ಬಿಟ್ಟಾಗ. ‘ಗುಟ್ಟಿನ ರೆಸಿಪಿ’ ಎಂದು ತಯಾರಕರು ಹಿಂಜರಿದರೆ, ಆ ಭಾಗವನ್ನು ಗೌಪ್ಯವೆಂದು ಗುರುತಿಸಿ ನೇರವಾಗಿ ಕಸ್ಟಮ್ಸ್‌ಗೇ ಕಳಿಸಲು ಅವಕಾಶವಿದೆಯೇ ವಿಚಾರಿಸಿ. ನಿರ್ಣಯ ಸಿಕ್ಕ ಮೇಲೆ ರೆಸಿಪಿಯಲ್ಲಿ ಸಕ್ಕರೆ ಹೆಚ್ಚಿಸಿದರೆ ಅಥವಾ ಮೂಲ ಸ್ಪಿರಿಟ್ ಬದಲಿಸಿದರೆ ಹಳೆಯ ನಿರ್ಣಯ ರಕ್ಷಣೆಗೆ ಬರುವುದಿಲ್ಲ, ಹೊಸ ಅರ್ಜಿ ಹಾಕಿ.