ಪೋಕರ್: ದಿನಕ್ಕೆ ಎಷ್ಟು ಗಂಟೆ ಆಡಬೇಕು? ಈಗೀಗ ಕಾರ್ಡ್ ನೋಡಿದರೇ ಬೇಜಾರು, ಒಂದು ತಿಂಗಳು ಬಿಟ್ಟುಬಿಡಲಾ?

ಆರು ಗಂಟೆನಾ, ಎಂಟು ಗಂಟೆನಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಇಟ್ಟುಕೊಂಡು ಕೂರುತ್ತಿದ್ದವನೇ. ಆನ್‌ಲೈನ್‌ನಲ್ಲಿ ಸಿಕ್ಸ್ ಮ್ಯಾಕ್ಸ್ ಕ್ಯಾಶ್ ಗೇಮ್ (ಟೇಬಲ್‌ಗೆ ಹೆಚ್ಚೆಂದರೆ ಆರು ಜನ, ನೇರ ದುಡ್ಡಿನ ಆಟ), ಒಟ್ಟಿಗೆ ನಾಲ್ಕು ಟೇಬಲ್. ಕ್ಯಾಸಿನೋದಲ್ಲಿ ಗಂಟೆಗೆ 25-30 ಹ್ಯಾಂಡ್, ಅಂದರೆ ಕಾರ್ಡ್ ಹಂಚಿ ಆಡುವ ಸುತ್ತು, ಬಂದರೆ ಜಾಸ್ತಿ. ನಾಲ್ಕು ಟೇಬಲ್ ತೆರೆದರೆ ಅಷ್ಟು ಹ್ಯಾಂಡ್ ಐದು ನಿಮಿಷಕ್ಕೇ ಮುಗಿಯುತ್ತವೆ. ಅಂದಮೇಲೆ ಬರೀ ಗಂಟೆ ಎಣಿಸಿ ಏನು ಪ್ರಯೋಜನ?

ನಾನು ಎಡವಿದ್ದು ಗಂಟೆಯಲ್ಲಲ್ಲ, ಟೇಬಲ್ ಬಿಟ್ಟು ಏಳುವುದರಲ್ಲಿ. ಗೆದ್ದ ದಿನ ಬೇಗ ಏಳುತ್ತಿದ್ದೆ, ಸೋತ ದಿನ ಏಳುತ್ತಲೇ ಇರಲಿಲ್ಲ. ಎರಡು ಬೈ-ಇನ್ (ಟೇಬಲ್‌ಗೆ ಕೂರುವಾಗ ಹಾಕುವ ಮೊತ್ತ) ಲಾಭ ಬಂತಾ, ಕೈತಪ್ಪಿ ಹೋಗದಿರಲಿ ಅಂತ ಎಲ್ಲ ಮುಚ್ಚಿ ಹೊರಡುತ್ತಿದ್ದೆ. ಸೋತರೆ ಅಸಲಾದರೂ ಬರಲಿ ಅಂತ ಬೆಳಗಿನ ಜಾವದವರೆಗೂ ಕೂರುತ್ತಿದ್ದೆ. ಸುಮ್ನೆ ಯೋಚಿಸಿ. ಗೆಲ್ಲುವ ದಿನ ತಲೆ ಚುರುಕಾಗಿರುತ್ತದೆ, ಎದುರಿಗೆ ಏನು ಬಂದರೂ ಕಾಲ್ ಮಾಡುವವರು, ಅಂದರೆ ಅಷ್ಟೇ ದುಡ್ಡು ಹಾಕಿ ಮುಂದುವರಿಯುವವರು ಇರುತ್ತಾರೆ. ಅಂಥ ಟೇಬಲ್ ಬಿಟ್ಟು ಬಂದೆ. ಸೋಲುವ ದಿನ ನಾನು ಟಿಲ್ಟ್‌ನಲ್ಲಿ, ಅಂದರೆ ಸಿಟ್ಟಿಗೆ ತಲೆ ಕೆಟ್ಟು ಆಡುವ ಸ್ಥಿತಿಯಲ್ಲಿ. ಹೊತ್ತು ಮೀರಿದಂತೆ ಮೋಜಿಗೆ ಆಡುವವರು ಮಲಗಿದರು, ಉಳಿದವರೆಲ್ಲ ಪಳಗಿದವರು. ಅವರ ಮಧ್ಯೆ ಗಟ್ಟಿಯಾಗಿ ಕೂತೆ.

ಆಡಿದ್ದನ್ನೆಲ್ಲ ದಾಖಲಿಸುವ ಟ್ರ್ಯಾಕರ್ ಸಾಫ್ಟ್‌ವೇರ್‌ನಲ್ಲಿ ಸೆಷನ್‌ಗಳನ್ನು ಉದ್ದದ ಪ್ರಕಾರ ಜೋಡಿಸಿ ನೋಡಿದೆ. ಉದ್ದದವೆಲ್ಲ ಕೆಂಪು (ಸೋಲು), ಚಿಕ್ಕವೆಲ್ಲ ಹಸಿರು (ಗೆಲುವು). ಇದರಲ್ಲಿ ಸ್ವಲ್ಪ ಕಣ್ಕಟ್ಟು ಇದೆ, ಗೆದ್ದಾಗಲೇ ಏಳುತ್ತಿದ್ದರೆ ಚಿಕ್ಕವು ಹಸಿರಾಗದೆ ಇನ್ನೇನು, ಅಲ್ವಾ? ಆದರೆ ಕೊನೆಯ ಗಂಟೆಯ ಹ್ಯಾಂಡ್‌ಗಳನ್ನು ಒಂದೊಂದಾಗಿ ತೆರೆದಾಗ ಮುಖ ಮುಚ್ಚಿಕೊಳ್ಳುವಂತಾಯಿತು. ಮೂರನೇ ಪೇರ್‌ನಂಥ ಸಣ್ಣ ಜೋಡಿ ಹಿಡಿದು ರಿವರ್‌ವರೆಗೂ, ಅಂದರೆ ಕೊನೆಯ ಕಾರ್ಡ್‌ವರೆಗೂ ಕಾಲ್. ಸಂಜೆ ಹೊತ್ತು ಯೋಚಿಸದೆ ಫೋಲ್ಡ್ ಮಾಡುವ (ಕೈಬಿಡುವ) ಏಸ್-ಒಂಬತ್ತು ಆಫ್‌ಸೂಟ್ (ಬೇರೆ ಬೇರೆ ಚಿಹ್ನೆಯ ಕಾರ್ಡ್) ಹಿಡಿದು, ಎಲ್ಲರಿಗಿಂತ ಮೊದಲು ಆಡಬೇಕಾದ ಸೀಟಿನಿಂದಲೇ ಬೆಟ್ ಏರಿಸುವುದು.

ಪಾಕೆಟ್ ಏಸ್, ಅಂದರೆ ಕೈಗೆ ಹಂಚಿದ ಎರಡೂ ಕಾರ್ಡ್ ಏಸ್, ಬರುವುದು ಸರಾಸರಿ 221 ಹ್ಯಾಂಡಿಗೆ ಒಂದು ಸಲ. ಬಂದರೂ, ಪಾಕೆಟ್ ಕಿಂಗ್ ಎದುರು ಆಲ್-ಇನ್ ಆದಾಗ (ಮುಂದಿರುವ ದುಡ್ಡೆಲ್ಲ ಇಟ್ಟಾಗ) ಐದಾರು ಸಲಕ್ಕೊಮ್ಮೆ ಸೋಲುತ್ತದೆ. ಇಂಥ ಆಟದಲ್ಲಿ ಇವತ್ತಿನ ಸೋಲು ಇವತ್ತೇ ತೀರಬೇಕು ಅನ್ನುವುದು ಹಟ ಅಷ್ಟೇ. ನನ್ನನ್ನು ಹಿಂಡಿದ್ದು ಆ ಹಟದ ರಾತ್ರಿಗಳು. ಗೆದ್ದು ಎದ್ದ ದಿನ ಎಷ್ಟು ಹೊತ್ತು ಆಡಿದ್ದರೂ ಮೈ ಹಗುರವಾಗಿಯೇ ಇರುತ್ತಿತ್ತು.

ಒಂದು ತಿಂಗಳು ಬಿಡುವ ವಿಚಾರ ನನಗೆ ಒಪ್ಪಿಗೆಯಿಲ್ಲ. ನಾನು ಬಿಟ್ಟು ನೋಡಿದ್ದೇನೆ. ವಾಪಸ್ ಬಂದ ವಾರದಲ್ಲೇ ಮತ್ತೆ ಅದೇ ಪಾಡು, ಯಾಕೆಂದರೆ ಅಭ್ಯಾಸ ಎಲ್ಲೂ ಹೋಗಿರಲಿಲ್ಲ. ಕೂರುವ ಮೊದಲೇ ಏಳುವ ಹೊತ್ತು ಬರೆದಿಡಿ. ಟೇಬಲ್ ಚೆನ್ನಾಗಿದ್ದು, ತಲೆಯೂ ಓಡುತ್ತಿದ್ದರೆ ಅರ್ಧ ಗಂಟೆ ಜಾಸ್ತಿ ಆಡಿ, ಪರವಾಗಿಲ್ಲ. ಸೋಲುತ್ತಿದ್ದರೆ ಒಂದು ನಿಮಿಷವೂ ಜಾಸ್ತಿ ಬೇಡ. ಮೂರು ಬೈ-ಇನ್ ಹೋದರೆ ಹೊತ್ತು ಆಗದಿದ್ದರೂ ಎದ್ದುಬಿಡಿ. ಟೇಬಲ್ ಎರಡು ಸಾಕು.

ಮನೆ ಬಾಡಿಗೆ ಈ ದುಡ್ಡಿನಿಂದಲೇ ಕಟ್ಟಬೇಕು ಅನ್ನುವಂತಿದ್ದರೆ ಮಾತ್ರ ಮೊದಲು ಬೇರೆ ಸಂಪಾದನೆ ನೋಡಿಕೊಳ್ಳಿ. ಬಾಡಿಗೆ ಚಿಂತೆ ಇಟ್ಟುಕೊಂಡು ಸೋತ ಟೇಬಲ್‌ನಿಂದ ಏಳುವುದು ನನ್ನ ಕೈಲಂತೂ ಆಗಲಿಲ್ಲ.