ಓದುಗರ ಪ್ರಶ್ನೆ: ಕರಾಚಿಯಿಂದ ಹಾರಿದ ಟಿ-33 ಮತ್ತು ಬಾಂಗ್ಲಾದೇಶದ ‘ವೀರಶ್ರೇಷ್ಠ’

ಪ್ರಶ್ನೆ: ಸಿದ್ಧ ಉಡುಪಿನ ವ್ಯವಹಾರದ ಮೇಲೆ ಢಾಕಾಕ್ಕೆ ಹೋಗಿದ್ದ ನನ್ನ ಮಗ ಅಲ್ಲಿನ ಮೀರ್‌ಪುರದ ಖಬರಸ್ತಾನದಲ್ಲಿ ‘ವೀರಶ್ರೇಷ್ಠ’ ಎಂಬ ಬಿರುದುಳ್ಳ ಪೈಲಟ್ ಒಬ್ಬರ ಸಮಾಧಿಯನ್ನು ನೋಡಿಕೊಂಡು ಬಂದಿದ್ದಾನೆ. ತಾವು ಕೆಲಸ ಮಾಡುತ್ತಿದ್ದ ವಾಯುಪಡೆಯ ತರಬೇತಿ ವಿಮಾನವನ್ನೇ ಅಪಹರಿಸಲು ಹೋಗಿ ಅವರು ಮಡಿದರೆಂದು ಅಲ್ಲಿಯವರು ಹೇಳಿದರಂತೆ. ಇದು ನಿಜವೇ? ನಿಜವಾದರೆ ಅಷ್ಟು ದೊಡ್ಡ ಗೌರವ ಅವರಿಗೆ ಹೇಗೆ ಸಂದಿತು?
— ನಿವೃತ್ತ ಉಪಾಧ್ಯಾಯರು, ಶಿವಮೊಗ್ಗ

ಉತ್ತರ: ನಿಮ್ಮ ಮಗನಿಗೆ ಹೇಳಿದ್ದು ನಿಜ. ಆ ಸಮಾಧಿ ಫ್ಲೈಟ್ ಲೆಫ್ಟಿನೆಂಟ್ ಮತಿಯುರ್ ರೆಹಮಾನ್ ಅವರದು. ಅವರು 1941ರಲ್ಲಿ ಢಾಕಾದಲ್ಲಿ ಹುಟ್ಟಿದರು. ಪೂರ್ವಜರ ಊರು ಇಂದಿನ ನರಸಿಂಗ್ದಿ ಜಿಲ್ಲೆಯ ರಾಮನಗರ. ಸರಗೋಧಾದ ವಾಯುಪಡೆ ಶಾಲೆಯಲ್ಲಿ ಓದಿ, 1961ರಲ್ಲಿ ರಿಸಾಲ್‌ಪುರದ ಅಕಾಡೆಮಿಗೆ ಸೇರಿ, 1963ರಲ್ಲಿ ಪಾಕಿಸ್ತಾನ ವಾಯುಪಡೆಯ ಅಧಿಕಾರಿಯಾದರು. ಆಗ ಪೂರ್ವ ಬಂಗಾಳವು ಪಾಕಿಸ್ತಾನದ ಒಂದು ಭಾಗವಾಗಿದ್ದುದರಿಂದ, ಹಾರುವ ಕನಸು ಕಂಡ ಬಂಗಾಳಿ ಹುಡುಗನಿಗೆ ಇದ್ದ ವಾಯುಪಡೆ ಅದೊಂದೇ ಎಂಬುದನ್ನು ಮೊದಲಿಗೆ ನೆನಪಿಟ್ಟುಕೊಳ್ಳಬೇಕು.

1971ರ ಆರಂಭದಲ್ಲಿ ಅವರು ಪತ್ನಿ ಮಿಲಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ರಜೆಯ ಮೇಲೆ ಊರಿಗೆ ಬಂದಿದ್ದರು. ಹಿಂದಿನ ಡಿಸೆಂಬರಿನ ಚುನಾವಣೆಯಲ್ಲಿ ಶೇಖ್ ಮುಜಿಬುರ್ ರೆಹಮಾನ್ ಅವರ ಅವಾಮಿ ಲೀಗ್ ಇಡೀ ಪಾಕಿಸ್ತಾನದ ಸಂಸತ್ತಿನಲ್ಲಿ ಬಹುಮತ ಗಳಿಸಿದ್ದರೂ ಅಧಿಕಾರ ಅವರ ಕೈಗೆ ಬಂದಿರಲಿಲ್ಲ. ಮಾರ್ಚ್ 25ರ ರಾತ್ರಿ ಸೇನೆಯು ಢಾಕಾದ ಮೇಲೆ ಎರಗಿತು. ವಿಶ್ವವಿದ್ಯಾಲಯದ ವಸತಿನಿಲಯಗಳಲ್ಲಿಯೂ ಪೊಲೀಸ್ ಠಾಣೆಗಳಲ್ಲಿಯೂ ಹೆಣಗಳು ಬಿದ್ದವು. ರಜೆಯಲ್ಲಿದ್ದ ಈ ಅಧಿಕಾರಿ ಆಗ ಭೈರವ್ ಪ್ರದೇಶದಲ್ಲಿ ಊರ ಹುಡುಗರನ್ನು ಕಲೆಹಾಕಿ, ಸಿಕ್ಕ ಆಯುಧಗಳಿಂದಲೇ ಅವರಿಗೆ ತರಬೇತಿ ಕೊಡತೊಡಗಿದರು. ಏಪ್ರಿಲ್ ತಿಂಗಳಲ್ಲಿ ಆ ಪ್ರದೇಶದ ಮೇಲೆ ಬಾಂಬ್ ಹಾಕಲು ಬಂದ ಸೇಬರ್ ವಿಮಾನಗಳು ಅವರದೇ ವಾಯುಪಡೆಗೆ ಸೇರಿದವು. ಮೇ ತಿಂಗಳಲ್ಲಿ ಅವರು ಸಂಸಾರದೊಂದಿಗೆ ಕರಾಚಿಗೆ ಮರಳಿ ಕೆಲಸಕ್ಕೆ ಹಾಜರಾದರು. ಈ ಮರಳುವಿಕೆಯೇ ಅವರ ಬದುಕಿನ ಅತ್ಯಂತ ದಿಟ್ಟ ನಿರ್ಧಾರವೆಂದು ನನಗೆ ತೋರುತ್ತದೆ. ಗಡಿ ದಾಟಿ ಭಾರತಕ್ಕೆ ಬರುವ ಹಾದಿ ಊರಿನಿಂದ ದೂರವಿರಲಿಲ್ಲ. ಸಾವಿರಾರು ಜನ ಅದನ್ನೇ ಹಿಡಿದಿದ್ದರು. ಆದರೆ ಹುಟ್ಟಲಿರುವ ದೇಶಕ್ಕೆ ಬಂದೂಕು ಹಿಡಿಯುವ ಕೈಗಳು ಸಿಗುತ್ತಿದ್ದವೇ ಹೊರತು ಒಂದಾದರೂ ಯುದ್ಧವಿಮಾನವಿರಲಿಲ್ಲ, ಮತ್ತು ವಿಮಾನಗಳಿದ್ದದ್ದು ಕರಾಚಿಯಲ್ಲಿ.

ಮಸ್ರೂರ್ ನೆಲೆಯಲ್ಲಿ ಅವರು ಹಿಂದೆ ಟಿ-33 ಜೆಟ್ ವಿಮಾನದ ಬೋಧಕರಾಗಿದ್ದರು. ಮಾರ್ಚ್ ತಿಂಗಳ ನಂತರ ಬಂಗಾಳಿ ಪೈಲಟ್‌ಗಳಿಗೆ ಹಾರಾಟವನ್ನು ನಿಲ್ಲಿಸಲಾಗಿತ್ತಾದ್ದರಿಂದ ಅವರಿಗೆ ಹಾರಾಟ ಸುರಕ್ಷತಾ ಅಧಿಕಾರಿಯ ಕೆಲಸ ದೊರೆಯಿತು. ಅಂದರೆ ವಿಮಾನ ಏರುವಂತಿಲ್ಲ. ಆದರೆ ನೆಲೆಯೊಳಗೆ ಓಡಾಡಬಹುದು, ಹಾರಲು ಹೊರಟ ವಿಮಾನದಲ್ಲಿ ದೋಷ ಕಂಡರೆ ಕೈಯೆತ್ತಿ ನಿಲ್ಲಿಸಬಹುದು. ಮುಂದಿನದೆಲ್ಲ ಈ ಒಂದು ಅಧಿಕಾರದಿಂದಲೇ ಸಾಧ್ಯವಾಯಿತು.

1971ರ ಆಗಸ್ಟ್ 20, ಶುಕ್ರವಾರ, ಬೆಳಗಿನ 11.30ರ ಸುಮಾರು. ರಶೀದ್ ಮಿನ್ಹಾಸ್ ಎಂಬ 20 ವರ್ಷದ ಪೈಲಟ್ ಆಫೀಸರ್ ಒಬ್ಬರೇ ಕುಳಿತು ಹಾರಬೇಕಾದ ಅಭ್ಯಾಸಕ್ಕಾಗಿ ಟಿ-33 ವಿಮಾನವನ್ನು ರನ್‌ವೇ ಕಡೆಗೆ ನಡೆಸಿಕೊಂಡು ಹೊರಟಿದ್ದರು. ಟಿ-33ರಲ್ಲಿ ಎರಡು ಆಸನಗಳು ಒಂದರ ಹಿಂದೊಂದು ಇರುತ್ತವೆ. ಮುಂದಿನದು ಕಲಿಯುವವನಿಗೆ, ಹಿಂದಿನದು ಕಲಿಸುವವನಿಗೆ. ಚಾಲನೆಯ ಸಾಧನಗಳು ಎರಡು ಕಡೆಯೂ ಇರುತ್ತವೆ. ಅಂದು ಹಿಂದಿನ ಆಸನ ಖಾಲಿಯಿತ್ತು. ಕಾರಿನಲ್ಲಿ ಬಂದ ಮತಿಯುರ್ ದಾರಿಯಲ್ಲಿ ನಿಂತು ಸನ್ನೆ ಮಾಡಿದರು. ವಿಮಾನದಲ್ಲಿ ಏನೋ ಊನವಿರಬೇಕೆಂದು ಹುಡುಗ ನಿಲ್ಲಿಸಿದ. ಸುರಕ್ಷತಾ ಅಧಿಕಾರಿ ಸನ್ನೆ ಮಾಡಿದಾಗ ನಿಲ್ಲಿಸದೆ ಹೋಗುವ ಪೈಲಟ್ ಎಲ್ಲಿದ್ದಾನೆ? ಮತಿಯುರ್ ರೆಕ್ಕೆಯ ಮೇಲೆ ಹತ್ತಿ ಹಿಂದಿನ ಆಸನಕ್ಕೆ ಇಳಿದರು. ಅವರ ಬಳಿ ಪ್ಯಾರಾಶೂಟ್ ಇರಲಿಲ್ಲ. ಪ್ಯಾರಾಶೂಟ್ ಹಿಡಿದು ಬಂದಿದ್ದರೆ ಆ ಕ್ಷಣದಲ್ಲೇ ಸಂಶಯ ಹುಟ್ಟುತ್ತಿತ್ತು ಎಂಬುದನ್ನು ಹಾರಾಟ ಬಲ್ಲ ಯಾರೂ ಊಹಿಸಬಲ್ಲರು.

ವಿಮಾನ ಮೇಲೇರಿದ ಕೂಡಲೇ, ತನ್ನನ್ನು ಅಪಹರಿಸಲಾಗುತ್ತಿದೆ ಎಂಬ ಮಿನ್ಹಾಸ್ ಅವರ ಮಾತು ಕಂಟ್ರೋಲ್ ಟವರಿಗೆ ಕೇಳಿಸಿತು. ಬೆನ್ನಟ್ಟಲು ಸೇಬರ್‌ಗಳು ಹೊರಟವಾದರೂ ಟಿ-33 ನೆಲಕ್ಕೆ ತಾಗುವಷ್ಟು ಕೆಳಗೆ, ರೇಡಾರ್ ಕಣ್ಣಿಗೆ ಬೀಳದಂತೆ, ಪೂರ್ವ ದಿಕ್ಕಿಗೆ ಸಾಗುತ್ತಿತ್ತು. ಭಾರತದ ಗಡಿ ಇನ್ನು ಸುಮಾರು 50 ಕಿಲೋಮೀಟರ್ ಇರುವಾಗ ಸಿಂಧ್ ಪ್ರಾಂತ್ಯದ ಥಟ್ಟಾ ಬಳಿ ವಿಮಾನ ನೆಲಕ್ಕಪ್ಪಳಿಸಿತು. ಇಬ್ಬರೂ ಸತ್ತರು. ಜೆಟ್ ವಿಮಾನಕ್ಕೆ ಆ ದೂರ ಕೆಲವೇ ನಿಮಿಷಗಳದು.

ಸ್ವತಂತ್ರ ಬಾಂಗ್ಲಾದೇಶವು 1973ರ ಡಿಸೆಂಬರ್ 15ರಂದು ವಿಮೋಚನಾ ಯುದ್ಧದ ಶೌರ್ಯ ಪ್ರಶಸ್ತಿಗಳನ್ನು ಪ್ರಕಟಿಸಿತು. ಪ್ರಶಸ್ತಿ ಪಡೆದ 676 ಮಂದಿಯಲ್ಲಿ ಎಲ್ಲಕ್ಕಿಂತ ಮೇಲಿನ ‘ವೀರಶ್ರೇಷ್ಠ’ ಬಿರುದು ಸಂದದ್ದು 7 ಜನರಿಗೆ ಮಾತ್ರ, ಅದೂ ಪ್ರಾಣ ಕೊಟ್ಟವರಿಗೆ. ಆ ಏಳರಲ್ಲಿ ವಾಯುಪಡೆಯವರು ಮತಿಯುರ್ ಒಬ್ಬರೇ. ಬಂಗಾಳಿಗಳು ‘ಬೀರ್ ಶ್ರೇಷ್ಠೊ’ ಎಂದು ಉಚ್ಚರಿಸುವ ಆ ಪದಕ್ಕೆ ಕನ್ನಡಿಗರಿಗೆ ಅನುವಾದವೇ ಬೇಡ. ವಿಮಾನ ಗಡಿ ದಾಟಲಿಲ್ಲವಲ್ಲ ಎಂದು ನಿಮಗೆ ಅನಿಸಬಹುದು. ಪತ್ನಿ ಮತ್ತು ಹಸುಗೂಸುಗಳು ಅದೇ ಕರಾಚಿಯಲ್ಲಿ ಸೇನೆಯ ಕೈಗೆಟಕುವಲ್ಲಿದ್ದಾರೆಂದು ಗೊತ್ತಿದ್ದೂ ಹೊರಟ ಮನುಷ್ಯನನ್ನು ಅಳೆಯುವಾಗ ಆ 50 ಕಿಲೋಮೀಟರುಗಳನ್ನು ಬಾಂಗ್ಲಾದೇಶ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಸರಿಯೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಅದೇ ವಿಮಾನದಲ್ಲಿದ್ದ ಇನ್ನೊಬ್ಬರಿಗೆ ಪಾಕಿಸ್ತಾನವೂ ತನ್ನ ಅತ್ಯುನ್ನತ ಪದಕ ಕೊಟ್ಟಿದೆ ಎಂದು ಓದಿದ್ದೇನೆ. ಇಬ್ಬರಲ್ಲಿ ಒಬ್ಬರು ವೀರರಾದರೆ ಇನ್ನೊಬ್ಬರು ದ್ರೋಹಿಯಾಗಲೇಬೇಕಲ್ಲವೇ? ಕೊನೆಯ ಕ್ಷಣದಲ್ಲಿ ವಿಮಾನದೊಳಗೆ ನಡೆದದ್ದೇನು?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ರಶೀದ್ ಮಿನ್ಹಾಸ್ ಅವರಿಗೆ ‘ನಿಶಾನ್-ಎ-ಹೈದರ್’ ಸಂದಿತು. ಹೈದರ್ ಎಂದರೆ ಸಿಂಹ. ಮೈಸೂರಿನ ಇತಿಹಾಸ ಓದಿದ ನಮಗೆ ಪರಿಚಿತವಾದ ಹೆಸರು. ಆ ಪದಕ ಪಡೆದವರಲ್ಲಿ ಅತ್ಯಂತ ಕಿರಿಯರೂ ವಾಯುಪಡೆಯ ಏಕೈಕ ವ್ಯಕ್ತಿಯೂ ಅವರೇ. ಅಧಿಕಾರಿಯಾಗಿ ಆರು ತಿಂಗಳೂ ತುಂಬಿರಲಿಲ್ಲ. ಪಾಕಿಸ್ತಾನದ ಅಧಿಕೃತ ಕಥನದ ಪ್ರಕಾರ, ವಿಮಾನ ಶತ್ರುದೇಶದ ಪಾಲಾಗಬಾರದೆಂದು ಅವರು ಉದ್ದೇಶಪೂರ್ವಕವಾಗಿ ಅದನ್ನು ನೆಲಕ್ಕೆ ಇಳಿಮುಖವಾಗಿಸಿದರು. ಬಾಂಗ್ಲಾದೇಶದಲ್ಲಿ ಹೇಳುವ ಪ್ರಕಾರ, ಇಬ್ಬರ ಸೆಣಸಾಟದಲ್ಲಿ ಮತಿಯುರ್ ವಿಮಾನದಿಂದ ಹೊರಕ್ಕೆಸೆಯಲ್ಪಟ್ಟರು, ಪ್ಯಾರಾಶೂಟ್ ಇಲ್ಲದ್ದರಿಂದ ಉಳಿಯಲಿಲ್ಲ. ಅವಸರದಲ್ಲಿ ಸರಿಯಾಗಿ ಬಿಗಿಯದ ಗಾಜಿನ ಮೇಲ್ಮುಚ್ಚಳ ಕಿತ್ತುಹೋದದ್ದೇ ಪತನಕ್ಕೆ ಕಾರಣವಾಗಿರಬಹುದೆಂದು ತರ್ಕಿಸಿದವರೂ ಇದ್ದಾರೆ. ವಿಮಾನದಲ್ಲಿದ್ದ ಇಬ್ಬರೂ ಸತ್ತಿರುವಾಗ ಇವೆಲ್ಲವೂ ಅವಶೇಷಗಳನ್ನು ಓದಿ ಕಟ್ಟಿದ ಮಾತುಗಳೇ ಆಗಿವೆ. ಇಬ್ಬರ ಕೈಗಳೂ ಚಾಲನಾ ಸಾಧನಗಳ ಮೇಲಿದ್ದವು, ಒಬ್ಬರು ಪೂರ್ವಕ್ಕೂ ಇನ್ನೊಬ್ಬರು ಹಿಂದಕ್ಕೂ ಎಳೆದರು ಎಂಬಷ್ಟರಲ್ಲಿ ಎರಡೂ ದೇಶಗಳ ಕಥನಗಳು ಒಂದಾಗುತ್ತವೆ.

ಇನ್ನು ನಿಮ್ಮ ‘ಆಗಲೇಬೇಕಲ್ಲವೇ’ ಎಂಬುದರ ಬಗ್ಗೆ. ಆಗಬೇಕಾಗಿಲ್ಲ ಎಂದು ನಾನು ತಿಳಿದಿದ್ದೇನೆ. ಮಿನ್ಹಾಸ್ ತನ್ನ ವಶಕ್ಕೆ ಕೊಟ್ಟ ವಿಮಾನವನ್ನು ಬಿಟ್ಟುಕೊಡಲಿಲ್ಲ. 20 ವರ್ಷದ ಅಧಿಕಾರಿಯಿಂದ ಯಾವ ವಾಯುಪಡೆಯೂ ಬಯಸುವುದು ಅದನ್ನೇ. ಮತಿಯುರ್ ಅವರು ಪಾಕಿಸ್ತಾನದ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ್ದರು ನಿಜ. ಆದರೆ ಆ ಪ್ರಮಾಣದ ಇನ್ನೊಂದು ಬದಿಯಲ್ಲಿದ್ದ ಸರ್ಕಾರ ಅವರ ಊರಿನ ಮೇಲೆ ಬಾಂಬ್ ಹಾಕಿತ್ತು, ಅವರ ಜನರ ಮತಕ್ಕೆ ಬೆಲೆ ಕೊಟ್ಟಿರಲಿಲ್ಲ. ಕಾನೂನಿನ ಪುಸ್ತಕ ಅವರನ್ನು ಏನೆಂದಾದರೂ ಕರೆಯಲಿ, ಮಾತಿಗೆ ಮೊದಲು ತಪ್ಪಿದ್ದು ಅವರಲ್ಲ. ನನಗೆ ಹೆಚ್ಚು ನೋವು ಕೊಡುವ ಸಂಗತಿ ಬೇರೆಯೇ ಇದೆ: ಹಿಂದಿನ ಆಸನದಲ್ಲಿದ್ದವರು ಬೋಧಕರು, ಮುಂದಿನ ಆಸನದಲ್ಲಿದ್ದವರು ಕಲಿಯುವ ವಯಸ್ಸಿನವರು. ಗುರುವಿನ ಸ್ಥಾನದಲ್ಲಿದ್ದವರ ಸನ್ನೆಯನ್ನು ನಂಬಿ ಆ ಹುಡುಗ ನಿಂತ.

ಇದರೊಂದಿಗೆ ಇನ್ನೊಂದು ವಿಷಯವನ್ನೂ ಹೇಳಬೇಕು. ಭಾರತೀಯ ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬರೇ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಬಂದ ಸೇಬರ್‌ಗಳನ್ನು ಏಕಾಂಗಿಯಾಗಿ ಎದುರಿಸಿ ಅವರು ಮಡಿದರು. ಅವರು ಹಾರಿಸುತ್ತಿದ್ದ ನ್ಯಾಟ್ ಮಾದರಿಯ ವಿಮಾನಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸುತ್ತಿತ್ತು. ಹೀಗೆ ಉಪಖಂಡದ ಮೂರು ದೇಶಗಳ ವಾಯುಪಡೆಗಳಲ್ಲಿ ಅತ್ಯುನ್ನತ ಯುದ್ಧ ಪದಕ ಪಡೆದವರು ತಲಾ ಒಬ್ಬರು, ಮತ್ತು ಮೂವರೂ ಸತ್ತದ್ದು 1971ರಲ್ಲಿ, ನಾಲ್ಕು ತಿಂಗಳ ಒಳಗೆ.

ಪ್ರಶ್ನೆ: ವಿಮಾನವೇ ಇಲ್ಲದ ಬಾಂಗ್ಲಾದೇಶಕ್ಕೆ ಆ ಯುದ್ಧದಲ್ಲಿ ತನ್ನದೇ ವಾಯುಪಡೆ ಇತ್ತೇ?
— ಓದುಗರು, ಮಡಿಕೇರಿ

ಉತ್ತರ: ಇತ್ತು, ಬಹಳ ಚಿಕ್ಕದಾಗಿ. ಮತಿಯುರ್ ಸತ್ತು ಐದು ವಾರವಾದ ಮೇಲೆ, 1971ರ ಸೆಪ್ಟೆಂಬರ್ 28ರಂದು, ನಾಗಾಲ್ಯಾಂಡಿನ ದಿಮಾಪುರದಲ್ಲಿ ‘ಕಿಲೋ ಫ್ಲೈಟ್’ ಎಂಬ ತುಕಡಿ ಆರಂಭವಾಯಿತು. ಭಾರತ ಕೊಟ್ಟ ಮೂರೇ ಮೂರು ವಿಮಾನಗಳು: ಒಂದು ಡಕೋಟಾ, ಒಂದು ಆಟರ್, ಒಂದು ಅಲೂಯೆಟ್ ಹೆಲಿಕಾಪ್ಟರ್. ಅಲೂಯೆಟ್ ಎಂದರೆ ಎಚ್‌ಎಎಲ್ ‘ಚೇತಕ್’ ಎಂಬ ಹೆಸರಿನಲ್ಲಿ ತಯಾರಿಸುತ್ತಾ ಬಂದ ಮಾದರಿಯೇ. ಯುದ್ಧಕ್ಕೆಂದು ಹುಟ್ಟದ ಆಟರ್ ಮತ್ತು ಅಲೂಯೆಟ್‌ಗಳಿಗೆ ರಾಕೆಟ್‌ಗಳನ್ನು ಕಟ್ಟಿ ಸಜ್ಜುಗೊಳಿಸಲಾಯಿತು. ಪಾಕಿಸ್ತಾನದ ವಾಯುಪಡೆಯನ್ನು ಬಿಟ್ಟು ಬಂದಿದ್ದ ಬಂಗಾಳಿ ಅಧಿಕಾರಿಗಳ ಜೊತೆಗೆ ನಾಗರಿಕ ವಿಮಾನ ಸಂಸ್ಥೆಯ ಪೈಲಟ್‌ಗಳೂ ಅಲ್ಲಿ ಸೇರಿದರು. ಕಾಡುಗುಡ್ಡಗಳ ನಡುವೆ ರಾತ್ರಿ ಹಾರಾಟದ ಅಭ್ಯಾಸ ನಡೆಯಿತು. ಡಿಸೆಂಬರ್ 3ರ ರಾತ್ರಿ ಸುಲ್ತಾನ್ ಮಹಮೂದ್ ಅವರ ನೇತೃತ್ವದಲ್ಲಿ ಹೆಲಿಕಾಪ್ಟರ್ ನಾರಾಯಣಗಂಜ್ ಬಳಿಯ ಗೋದ್‌ನೈಲ್ ತೈಲ ಸಂಗ್ರಹಾಗಾರಕ್ಕೂ, ಶಂಸುಲ್ ಆಲಂ ಅವರ ಆಟರ್ ಚಿತ್ತಗಾಂಗ್‌ನ ತೈಲ ಸಂಗ್ರಹಾಗಾರಕ್ಕೂ ಬೆಂಕಿಯಿಟ್ಟು ಬಂದವು. ಇಬ್ಬರಿಗೂ ಎರಡನೆಯ ದರ್ಜೆಯ ‘ವೀರ ಉತ್ತಮ’ ಬಿರುದು ಬಂದಿತು, ಮತ್ತು ಸುಲ್ತಾನ್ ಮಹಮೂದ್ ಮುಂದೆ ಬಾಂಗ್ಲಾದೇಶ ವಾಯುಪಡೆಯ ಮುಖ್ಯಸ್ಥರಾದರು.

ಪ್ರಶ್ನೆ: ಕರಾಚಿ ಕಡೆ ಸತ್ತವರ ಸಮಾಧಿ ಢಾಕಾದಲ್ಲಿ ಇರುವುದು ಹೇಗೆ?
— ಗೃಹಿಣಿ, ತುಮಕೂರು

ಉತ್ತರ: ಇದನ್ನು ಕೇಳಿದ್ದಕ್ಕೆ ನಿಮಗೆ ಕೃತಜ್ಞ. ಮಿನ್ಹಾಸ್ ಅವರನ್ನು ಕರಾಚಿಯಲ್ಲಿ ಪೂರ್ಣ ಸೇನಾ ಗೌರವದೊಂದಿಗೆ ಮಣ್ಣು ಮಾಡಲಾಯಿತು. ಮುಂದೆ ಕಾಮ್ರಾದ ವಾಯುನೆಲೆಗೆ ಅವರ ಹೆಸರನ್ನಿಡಲಾಯಿತು. ಮತಿಯುರ್ ಅವರ ದೇಹವನ್ನು ಮಸ್ರೂರ್ ನೆಲೆಯೊಳಗೆ, ನಾಲ್ಕನೆಯ ದರ್ಜೆಯ ನೌಕರರಿಗೆಂದು ಇದ್ದ ಖಬರಸ್ತಾನದಲ್ಲಿ ಹೂಳಲಾಯಿತು. ಅಲ್ಲಿ ಮಲಗಿದ್ದ ಜವಾನರು, ಮಾಲಿಗಳು ಯಾರಿಗಿಂತಲೂ ಕಡಿಮೆಯವರಲ್ಲ. ಆದರೆ ಒಬ್ಬ ಅಧಿಕಾರಿಯನ್ನು ಅಲ್ಲಿ ಇಟ್ಟವರ ಉದ್ದೇಶ ಅವಮಾನ ಮಾಡುವುದೇ ಆಗಿತ್ತು.

ಬಾಂಗ್ಲಾದೇಶವು ಜೆಸೋರ್‌ನ ವಾಯುನೆಲೆಗೆ ಮತಿಯುರ್ ಅವರ ಹೆಸರನ್ನಿಟ್ಟಿತು. ಆ ದೇಶದಲ್ಲಿ ಅವರ ಹೆಸರಿತ್ತು, ಸಮಾಧಿ ಇರಲಿಲ್ಲ. ಮೂವತ್ತೈದು ವರ್ಷ ತುಂಬುತ್ತಾ ಬಂದಾಗ, 2006ರ ಜೂನ್ 24ರಂದು, ಅಸ್ಥಿಗಳನ್ನು ಪಾಕಿಸ್ತಾನದಿಂದ ಢಾಕಾಕ್ಕೆ ತರಲಾಯಿತು. ಮರುದಿನ ಮೀರ್‌ಪುರದ ಹುತಾತ್ಮ ಬುದ್ಧಿಜೀವಿಗಳ ಖಬರಸ್ತಾನದಲ್ಲಿ ರಾಷ್ಟ್ರೀಯ ಗೌರವದೊಂದಿಗೆ ಅವನ್ನು ಇರಿಸಲಾಯಿತು. ರಜೆ ಮುಗಿಸಿ 1971ರ ಮೇ ತಿಂಗಳಲ್ಲಿ ಢಾಕಾ ಬಿಟ್ಟವರು ಮರಳಿದ್ದು ಹೀಗೆ.

ಶಿವಮೊಗ್ಗದ ಓದುಗರ ಮಗ ಮತ್ತೊಮ್ಮೆ ಅಲ್ಲಿಗೆ ಹೋದರೆ ಅದೇ ಖಬರಸ್ತಾನದಲ್ಲಿರುವ ಇನ್ನೊಬ್ಬ ವೀರಶ್ರೇಷ್ಠರ ಸಮಾಧಿಯನ್ನೂ ನೋಡಲಿ. ಅವರು ಸಿಪಾಯಿ ಹಮೀದುರ್ ರೆಹಮಾನ್. 1971ರ ಅಕ್ಟೋಬರಿನಲ್ಲಿ ಧಲಾಯ್ ಎಂಬಲ್ಲಿ ಕಾದಾಡುತ್ತಾ ಸತ್ತಾಗ ಸಂಗಾತಿಗಳು ಅವರನ್ನು ಗಡಿಯ ಈಚೆಗೆ ಹೊತ್ತುತಂದು ನಮ್ಮ ತ್ರಿಪುರಾದ ಹಳ್ಳಿಯೊಂದರಲ್ಲಿ ಹೂತಿದ್ದರು. 2007ರ ಡಿಸೆಂಬರಿನಲ್ಲಿ ಅವರೂ ಊರಿಗೆ ಮರಳಿ, ಮತಿಯುರ್ ಅವರು ಮಲಗಿರುವ ನೆಲದಲ್ಲೇ ಮಣ್ಣಾದರು.