ಎಲೆಕ್ಷನ್‌ಗೆ ನಿಲ್ಲಲಾ, ಅಪ್ಪನ ಮಾತು ಕೇಳಲಾ?

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಇಷ್ಟು ವರ್ಷ ಮಾರ್ಕ್ಸ್ ನೋಡಿ ಲೆಕ್ಚರರ್‌ಗಳೇ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯನ್ನು ಆರಿಸುತ್ತಿದ್ದರು. ಈ ಸಲ ಓಟು ಹಾಕಿಸುತ್ತಾರಂತೆ. ನನಗೂ ನಿಲ್ಲುವ ಆಸೆ. ಎದುರು ನಿಂತಿರುವ ಹುಡುಗ ಆಗಲೇ ದಿನಾ ಸಂಜೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸುತ್ತಿದ್ದಾನೆ. ಒಂದು ಪಕ್ಷದವರು ಬಂದು ಫ್ಲೆಕ್ಸು, ಖರ್ಚು ಎಲ್ಲ ನಮಗಿರಲಿ ಎಂದರು. ಅಪ್ಪ ಮಾತ್ರ ರಾಜಕೀಯ ಗಿಜಕೀಯ ಬೇಡ, ಸುಮ್ನೆ ಓದು ಅಂತಾರೆ. ಏನು ಮಾಡಲಿ?
– ಓದುಗಿ, ದಾವಣಗೆರೆ

ಉತ್ತರ: ನಿಲ್ಲಮ್ಮ. ಆದರೆ ಈ ವರ್ಷವೇ ನಿಲ್ಲಬೇಕಾ ಅಂತ ಒಮ್ಮೆ ಯೋಚಿಸು. ಸುಪ್ರೀಂ ಕೋರ್ಟ್ 2006ರಲ್ಲಿ ಜಾರಿ ಮಾಡಲು ಹೇಳಿದ, ಕಾಲೇಜು ಚುನಾವಣೆ ಹೇಗೆ ನಡೀಬೇಕು ಅಂತ ಹೇಳುವ ಲಿಂಗ್ಡೊ ಸಮಿತಿಯ ನಿಯಮದಲ್ಲಿ ಕಾರ್ಯದರ್ಶಿಯಂಥ ಪದಾಧಿಕಾರಿ ಸ್ಥಾನಕ್ಕೆ ಒಬ್ಬರು ಒಂದೇ ಸಲ ಸ್ಪರ್ಧಿಸಬಹುದು, ಸೋತರೂ ಅಷ್ಟೇ. ಕಾರ್ಯಕಾರಿ ಸಮಿತಿ ಸದಸ್ಯರ ಸ್ಥಾನಕ್ಕಾದರೆ ಎರಡು ಸಲ. ಫಸ್ಟ್ ಇಯರ್‌ನವರಿಗೆ ನೀನು ಯಾರು ಅಂತಲೇ ಗೊತ್ತಿಲ್ಲ ಅಂದರೆ, ಈಗ ಸದಸ್ಯೆಯಾಗಿ ಕೊನೇ ವರ್ಷ ಕಾರ್ಯದರ್ಶಿಗೆ ನಿಲ್ಲೋದೇ ಜಾಣತನ. ಹಾಜರಿ ಶೇ. 75 ಇರಬೇಕು, ಯಾವ ಪೇಪರೂ ಬಾಕಿ ಇರಬಾರದು. ನಿಮ್ಮ ಕಾಲೇಜು ಇದರಲ್ಲಿ ಯಾವುದನ್ನೆಲ್ಲ ಪಾಲಿಸುತ್ತದೆ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಬರೆದೇ ಕೇಳು, ಬಾಯಿ ಮಾತು ಬೇಡ.

ಪಕ್ಷದವರ ಫ್ಲೆಕ್ಸ್ ಮಾತ್ರ ಖಂಡಿತ ಬೇಡ. ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಪ್ರಿಂಟ್ ಮಾಡಿಸಿದ ಪೋಸ್ಟರ್ ಹಾಕುವಂತಿಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಪಕ್ಷಗಳ ದುಡ್ಡೂ ತಗೊಳ್ಳುವಂತಿಲ್ಲ. ರಿಸಲ್ಟ್ ಬಂದ ಎರಡು ವಾರದೊಳಗೆ ಲೆಕ್ಕ ಕೊಡಬೇಕು. ಇವತ್ತು ಫ್ಲೆಕ್ಸ್ ಕಟ್ಟಿಸಿಕೊಟ್ಟವರು ನಾಳೆ ಅವರ ಮೆರವಣಿಗೆಗೆ ಹುಡುಗರನ್ನು ಕರ್ಕೊಂಡು ಬಾ ಅಂದರೆ ನಿನಗೆ ಇಲ್ಲ ಅನ್ನೋಕಾಗುತ್ತಾ?

ಇನ್ನು ಮಿರ್ಚಿ. ತಿನ್ನಲಿ ಬಿಡು, ನಮ್ಮೂರಲ್ಲಿ ಮಿರ್ಚಿ ಬೇಡ ಅನ್ನೋರು ಯಾರಿದ್ದಾರೆ! ಆದರೆ ಸಂಜೆ ಅಂಗಡಿ ಮುಂದೆ ಸೇರೋರು ಊರೊಳಗಿನ ಹುಡುಗರು ಮತ್ತು ಹಾಸ್ಟೆಲ್‌ನವರು. ಜಗಳೂರು, ಹರಿಹರ, ಮಾಯಕೊಂಡದ ಕಡೆಯಿಂದ ಬಸ್‌ಪಾಸ್‌ನಲ್ಲಿ ಬರುವ ಹುಡುಗಿಯರು ಕೊನೇ ಕ್ಲಾಸ್ ಬೆಲ್ ಆಗುವ ಮೊದಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕೂತಿರುತ್ತಾರಲ್ಲ, ಬಸ್ ತಪ್ಪಿದರೆ ಮನೆ ಸೇರೋದು ಕತ್ತಲಾದ ಮೇಲೆ, ಅವರ ಹತ್ತಿರ ಓಟು ಕೇಳೋಕೆ ಯಾರೂ ಹೋಗೋದಿಲ್ಲ. ನೀನು ಹೋಗು. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ನಡಿ. ಭಾಷಣ ಬೇಡ, ಏನು ತೊಂದರೆ ಇದೆ ಅಂತ ಕೇಳು, ಹೇಳಿದ್ದನ್ನು ನೋಟ್‌ಬುಕ್ಕಲ್ಲಿ ಬರ್ಕೋ. ಲೇಡೀಸ್ ರೂಮಿನ ಬಾಗಿಲಿಗೆ ಚಿಲಕ ಇಲ್ಲ, ಸ್ಕಾಲರ್‌ಶಿಪ್ ಕೊನೇ ದಿನಾಂಕ ನೋಟಿಸ್ ಬೋರ್ಡಿಗೆ ಬರೋ ಹೊತ್ತಿಗೆ ಮುಗಿದೇ ಹೋಗಿರುತ್ತೆ, ಇಂಥವೇ ಬರುತ್ತವೆ. ಇವನ್ನೇ ಭರವಸೆಯಾಗಿ ಕೊಡು. ಫೀಸ್ ಇಳಿಸ್ತೀನಿ ಅನ್ನಬೇಡ, ಅದು ಕಾರ್ಯದರ್ಶಿ ಕೈಲಿಲ್ಲ, ಎಲ್ಲರಿಗೂ ಗೊತ್ತು.

‘ನೀನು ನಮ್ಮೋಳು ಕಣೆ’ ಅಂತ ಜಾತಿ ಹಿಡಿದು ಬರೋರೂ ಸಿಗ್ತಾರೆ. ನಕ್ಕು ಮುಂದೆ ಹೋಗು. ಎಣಿಕೆ ದಿನ ಮಾತ್ರ ನಿನ್ನ ಕಡೆಯ ಒಬ್ಬರು ಟೇಬಲ್ ಹತ್ತಿರ ಇರಲೇಬೇಕು.

ಅಪ್ಪನ ಭಯ ಸುಳ್ಳಲ್ಲ. ಕಾಲೇಜು ಚುನಾವಣೆ ಅಂದರೆ ಹೊಡೆದಾಟ ಅಂತಾಗಿಯೇ 1980ರ ದಶಕದ ಕೊನೆಗೆ ಕರ್ನಾಟಕದಲ್ಲಿ ಅದನ್ನು ನಿಲ್ಲಿಸಿದ್ದು. ಆ ಕಥೆಗಳನ್ನು ಅವರು ಕೇಳಿಕೊಂಡೇ ಬೆಳೆದಿರುತ್ತಾರೆ. ವಾದ ಮಾಡಬೇಡ. ನಿಯಮದ ಹಾಳೆ ಮುಂದಿಡು, ಖರ್ಚಿನ ಲೆಕ್ಕ ನೀವೇ ನೋಡ್ಕೊಳ್ಳಿ ಅಪ್ಪ ಅನ್ನು. ಲೆಕ್ಕ ಕೈಗೆ ಬಂದರೆ ಅಪ್ಪಂದಿರು ಅರ್ಧ ಒಪ್ಪಿದ ಹಾಗೆ!

ಪ್ರಶ್ನೆ: ಇಬ್ಬರು ಗೆಳೆಯರು ಒಂದೇ ಸ್ಥಾನಕ್ಕೆ ನಿಂತಿದ್ದಾರೆ. ಇಬ್ಬರಿಗೂ ನಿನಗೇ ಓಟು ಅಂದುಬಿಟ್ಟಿದ್ದೇನೆ. ಈಗೇನು ಗತಿ?
– ಓದುಗ, ಚಿತ್ರದುರ್ಗ

ಉತ್ತರ: ಗುಪ್ತ ಮತದಾನ ಇರೋದು ನಿನ್ನಂಥವರಿಗಾಗಿಯೇ ಮಾರಾಯ. ಕೆಲಸ ಮಾಡೋನಿಗೆ ಹಾಕು, ಸೋತವನಿಗೆ ಟೀ ಕೊಡಿಸು. ಯಾರು ಕೇಳಿದರೂ ಬಾಯಿ ಬಿಡಬೇಡ.